ಆನ್‌ಲೈನ್ ಹರಾಜಿನಲ್ಲಿ ಗೆದ್ದವರು ಹಣ ಕೊಡದಿದ್ದರೆ ಮಾರಿದವರು ಏನು ಮಾಡಬಹುದು?

ಆನ್‌ಲೈನ್‌ನಲ್ಲಿ ಕೊಂಡವರಿಗೆ ಮೋಸವಾದರೆ ಎಲ್ಲಿಗೆ ಹೋಗಬೇಕು ಎಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಗ್ರಾಹಕ ಆಯೋಗವಿದೆ, ಸಹಾಯವಾಣಿ ಇದೆ. ಆದರೆ ಮಾರಿದವರಿಗೇ ಹಣ ಬರದಿದ್ದರೆ? ಹರಾಜಿನಲ್ಲಿ ಪೈಪೋಟಿಗೆ ಬಿದ್ದು ಬೆಲೆ ಏರಿಸಿದವರು, ಗೆದ್ದ ಮೇಲೆ ಫೋನ್ ಎತ್ತುವುದಿಲ್ಲ. ಬೇರೆ ಬಿಡ್‌ದಾರರು ಅಷ್ಟರಲ್ಲಿ ಬೇರೆ ಕಡೆ ಕೊಂಡಿರುತ್ತಾರೆ. ಸರಕು ಮನೆಯಲ್ಲಿ ಕೊಳೆಯುತ್ತದೆ, ಅಥವಾ ಸರಕೂ ಹೋಗಿ ಹಣವೂ ಹೋಗಿರುತ್ತದೆ.

ಈ ವಿಷಯದಲ್ಲಿ ಮೂರು ತಪ್ಪು ನಂಬಿಕೆಗಳು ಓಡಾಡುತ್ತಿವೆ. ಮೊದಲನೆಯದು, ಸಹಿ ಇಲ್ಲದ ಆನ್‌ಲೈನ್ ಬಿಡ್‌ಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದು. ಎರಡನೆಯದು, ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟರೆ ಹಣ ವಸೂಲಾಗುತ್ತದೆ ಎಂಬುದು. ಮೂರನೆಯದು, ವಕೀಲರಿಂದ ಒಂದು ನೋಟಿಸ್ ಕಳಿಸಿಟ್ಟರೆ ಯಾವಾಗ ಬೇಕಾದರೂ ಕೇಸು ಹಾಕಬಹುದು ಎಂಬುದು. ಮೂರೂ ಸರಿಯಲ್ಲ.

ಕಾನೂನು ಮಾರಾಟಗಾರರ ಕೈಬಿಟ್ಟಿಲ್ಲ. ಆದರೆ ಅದರ ಬಲ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಬಾಕಿ ಉಳಿದಾಗ ಸರಕು ಯಾರ ಕೈಯಲ್ಲಿತ್ತು? ಸರಕು ನಿಮ್ಮ ಬಳಿಯೇ ಇದ್ದರೆ ನ್ಯಾಯಾಲಯಕ್ಕೆ ಹೋಗದೆಯೇ ಬಳಸಬಹುದಾದ ಹಕ್ಕುಗಳಿವೆ. ಸರಕು ಹೋಗಿದ್ದರೆ ಉಳಿಯುವುದು ಕಾಗದಪತ್ರ ಮತ್ತು ಕೋರ್ಟಿನ ದಾರಿ.

ಒಂದೇ ಸೀಮೆ, ಎರಡು ಬಗೆಯ ಹರಾಜು

ಇದನ್ನು ಅರಿಯಲು ಹೊಸಪೇಟೆ–ಸಂಡೂರು–ಕಂಪ್ಲಿ ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಮಣ್ಣಿನಡಿಯ ಅದಿರೂ ಇ-ಹರಾಜಿನಲ್ಲಿ ಮಾರಾಟವಾಗಿದೆ, ಮಣ್ಣಿನ ಮೇಲಿನ ಬೆಳೆಯೂ ಮಾರಾಟವಾಗುತ್ತದೆ.

ಮೊದಲು ಅದಿರಿನ ಕತೆ. ಧಾರವಾಡದ ಸಮಾಜ ಪರಿವರ್ತನಾ ಸಮುದಾಯ ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಆಗ ಹೊಸಪೇಟೆಯೂ ಆ ಜಿಲ್ಲೆಯಲ್ಲೇ ಇತ್ತು. ಗಣಿಗಳಲ್ಲಿ, ಸ್ಟಾಕ್ ಯಾರ್ಡ್‌ಗಳಲ್ಲಿ ಸುಮಾರು 2.5 ಕೋಟಿ ಟನ್ ಅದಿರು ಬಿದ್ದಿತ್ತು. ಅದನ್ನು ಮಾರಲು ನ್ಯಾಯಾಲಯ ಒಂದು ಉಸ್ತುವಾರಿ ಸಮಿತಿಯನ್ನು ನೇಮಿಸಿ ಇ-ಹರಾಜಿನ ದಾರಿ ತೋರಿಸಿತು. ಕೇಂದ್ರ ಉಕ್ಕು ಸಚಿವಾಲಯದಡಿಯ ಎಂಎಸ್‌ಟಿಸಿ ಕಂಪನಿಯ ವೇದಿಕೆಯಲ್ಲಿ ಬಿಡ್‌ಗಳು ನಡೆದವು. 2022ರ ಮೇ 20ರಂದು ಸುಪ್ರೀಂ ಕೋರ್ಟ್ ಇ-ಹರಾಜಿನ ಕಡ್ಡಾಯವನ್ನು ಸಡಿಲಿಸುವವರೆಗೆ ಈ ಭಾಗದ ಅದಿರು ಮಾರಾಟದ ಮುಖ್ಯ ದಾರಿ ಇದೇ ಆಗಿತ್ತು.

ಈ ವ್ಯವಸ್ಥೆಯ ತಿರುಳು ಸರಳ. ಬಿಡ್ ಮಾಡುವ ಮೊದಲು ಠೇವಣಿ. ಗೆದ್ದ ಮೇಲೆ ಪೂರ್ತಿ ಹಣ ಸಮಿತಿಯ ಖಾತೆಗೆ. ಆಮೇಲೆ ಪರ್ಮಿಟ್, ಅದರ ನಂತರ ಲಾರಿ. ಹಣ ಕಟ್ಟದವರ ಲಾರಿ ಗಣಿಯ ಗೇಟು ದಾಟುವಂತಿರಲಿಲ್ಲ. ಗೆದ್ದವರು ಕೈಕೊಟ್ಟರೂ ಅದಿರು ಇದ್ದಲ್ಲೇ ಇರುತ್ತಿತ್ತು.

ಇನ್ನು ಬೆಳೆಯ ಕತೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಶುರುವಾಯಿತು. ರಾಜ್ಯ ಸರ್ಕಾರದ ಪಾಲುದಾರಿಕೆಯ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳು ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. ಕೇಂದ್ರದ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ರಂದು. ಇಲ್ಲಿ ರೈತರ ಸರಕಿಗೆ ಲಾಟ್ ನಂಬರ್ ಬೀಳುತ್ತದೆ, ವ್ಯಾಪಾರಿಗಳು ಕಂಪ್ಯೂಟರ್‌ನಲ್ಲಿ ಬೆಲೆ ನಮೂದಿಸುತ್ತಾರೆ, ಹೆಚ್ಚು ಬೆಲೆ ಹಾಕಿದವರಿಗೆ ಲಾಟ್. ಬೆಲೆ ನಿರ್ಧಾರ ಪಾರದರ್ಶಕವಾಯಿತು. ಆದರೆ ಪಾವತಿಯ ಹಳೆಯ ರೂಢಿ ಎಲ್ಲ ಕಡೆ ಬದಲಾಗಲಿಲ್ಲ. ತೂಕ ಆಗುತ್ತದೆ, ಹಮಾಲರು ಚೀಲ ಎತ್ತುತ್ತಾರೆ, ಸರಕು ಹೋಗುತ್ತದೆ, ಹಣ 'ನಾಳೆ' ಬರುತ್ತದೆ. ಕಂಪ್ಲಿಯ ಭತ್ತವಾಗಲಿ, ಸಂಡೂರಿನ ಮೆಕ್ಕೆಜೋಳವಾಗಲಿ, ಒಮ್ಮೆ ಗಿರಣಿಗೆ ಹೋಗಿ ಬೇರೆ ರಾಶಿಯಲ್ಲಿ ಬೆರೆತರೆ ತಿರುಗಿ ಗುರುತಿಸಲೂ ಆಗುವುದಿಲ್ಲ.

ಎರಡೂ ಕಡೆ ಕಂಪ್ಯೂಟರ್ ಇದೆ, ಬಿಡ್ ಇದೆ. ವ್ಯತ್ಯಾಸ ಇರುವುದು ಹಣ ಮೊದಲೋ ಸರಕು ಮೊದಲೋ ಎಂಬುದರಲ್ಲಿ.

ಬಿಡ್ ಯಾವಾಗ ಒಪ್ಪಂದವಾಗುತ್ತದೆ?

ಸರಕು ಮಾರಾಟ ಕಾಯ್ದೆ, 1930ರ ಸೆಕ್ಷನ್ 64 ಹರಾಜಿಗೆಂದೇ ಇದೆ. ಸುತ್ತಿಗೆ ಬಡಿದು ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಹರಾಜು ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ಣ. ಅಲ್ಲಿಯವರೆಗೆ ಯಾರು ಬೇಕಾದರೂ ತಮ್ಮ ಬಿಡ್ ಹಿಂತೆಗೆದುಕೊಳ್ಳಬಹುದು, ಆಮೇಲೆ ಆಗದು. ಆನ್‌ಲೈನ್‌ನಲ್ಲಿ ಆ ಸುತ್ತಿಗೆಯ ಕೆಲಸ ಮಾಡುವುದು ಹರಾಜಿನ ನಿಯಮದಲ್ಲಿ ಹೇಳಿರುವ ಮುಕ್ತಾಯ: ಸಮಯ ಮುಗಿದಾಗ ಬರುವ 'ನೀವು ಗೆದ್ದಿದ್ದೀರಿ' ಎಂಬ ಸಂದೇಶ, ಅಥವಾ ಒಪ್ಪಿಗೆ ಪತ್ರ. ಸರ್ಕಾರಿ ಹರಾಜುಗಳಲ್ಲಿ ಸಾಮಾನ್ಯವಾಗಿ 'ಮಾರಾಟಗಾರರ ಅನುಮೋದನೆಗೆ ಒಳಪಟ್ಟು' ಎಂಬ ಷರತ್ತಿರುತ್ತದೆ. ಅಂಥಲ್ಲಿ ಅನುಮೋದನೆ ಬಂದ ಮೇಲಷ್ಟೇ ಒಪ್ಪಂದ.

ಸಹಿ ಇಲ್ಲವಲ್ಲ ಎಂದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 10ಎ ಉತ್ತರ ಕೊಡುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಒಪ್ಪಂದವನ್ನು ಅಸಿಂಧು ಎನ್ನುವಂತಿಲ್ಲ. ವಾಟ್ಸಾಪ್ ಗುಂಪಿನಲ್ಲಿ, ಇನ್‌ಸ್ಟಾಗ್ರಾಂ ಕಾಮೆಂಟಿನಲ್ಲಿ ನಡೆದ ಹರಾಜಿಗೂ ಇದು ಅನ್ವಯ. ಭಾರತದಲ್ಲಿ ಈಬೇಯಂಥ ಹರಾಜು ತಾಣ 2018ರಲ್ಲಿ ಮುಚ್ಚಿದ ಮೇಲೆ ಗಿಡ, ಅಲಂಕಾರಿಕ ಮೀನು, ಹಳೆಯ ವಸ್ತುಗಳ ಸಣ್ಣ ಹರಾಜುಗಳು ನಡೆಯುತ್ತಿರುವುದು ಹೆಚ್ಚಾಗಿ ಇಂಥ ಗುಂಪುಗಳಲ್ಲೇ.

ಆದರೆ ಎರಡು ಸಂಗತಿಗಳು ನಿಮ್ಮ ಹಕ್ಕನ್ನು ಕೆಡಿಸಬಲ್ಲವು. ಒಂದು, ಗೆದ್ದವರಿಗೆ 18 ವರ್ಷ ತುಂಬಿಲ್ಲದಿದ್ದರೆ ಒಪ್ಪಂದವೇ ಇಲ್ಲ. ಎರಡು, ಬೆಲೆ ಏರಿಸಲು ನೀವೇ ಬೇರೆ ಐಡಿಯಿಂದ ಬಿಡ್ ಹಾಕಿದ್ದರೆ, ಅಥವಾ ಸ್ನೇಹಿತರಿಂದ ಹಾಕಿಸಿದ್ದರೆ, ಅದೇ ಸೆಕ್ಷನ್ 64ರ ಪ್ರಕಾರ ಕೊಂಡವರು ಮಾರಾಟವನ್ನೇ ರದ್ದು ಮಾಡಬಹುದು. ಇಂಥ ಕೇಸಿನಲ್ಲಿ ಬಾಕಿ ಕೇಳಲು ಹೋದವರೇ ಸಿಕ್ಕಿಬೀಳುತ್ತಾರೆ.

ಇನ್ನೊಂದು ಮಾತು. ಗೆದ್ದವರು ಕೈಕೊಟ್ಟರೆ ಎರಡನೆಯವರು ಕೊಳ್ಳಲೇಬೇಕು ಎಂದಿಲ್ಲ. ಹೆಚ್ಚಿನ ಬಿಡ್ ಬಂದ ಕ್ಷಣವೇ ಹಿಂದಿನ ಬಿಡ್ ಬಿದ್ದುಹೋಗುತ್ತದೆ. ಹರಾಜಿನ ನಿಯಮದಲ್ಲಿ ಬೇರೆ ರೀತಿ ಹೇಳಿರದಿದ್ದರೆ ಅವರನ್ನು ಹೊಸದಾಗಿ ಕೇಳಿ ಒಪ್ಪಿಸಬೇಕು.

ಸರಕು ಇನ್ನೂ ನಿಮ್ಮ ಬಳಿ ಇದ್ದರೆ

ಸರಕು ಮಾರಾಟ ಕಾಯ್ದೆ 'ಹಣ ಸಿಗದ ಮಾರಾಟಗಾರ'ರಿಗೆ ಮೂರು ಹಕ್ಕು ಕೊಡುತ್ತದೆ. ಕಾಗದದ ಮೇಲೆ ಸರಕಿನ ಒಡೆತನ ಕೊಂಡವರಿಗೆ ಹೋಗಿದ್ದರೂ ಈ ಹಕ್ಕುಗಳು ಇರುತ್ತವೆ.

ಮೊದಲನೆಯದು ಹಿಡಿದಿಟ್ಟುಕೊಳ್ಳುವ ಹಕ್ಕು. ಉದ್ರಿಯ ಮಾತಾಗಿಲ್ಲದಿದ್ದರೆ, ಅಥವಾ ಉದ್ರಿಯ ಗಡುವು ಮುಗಿದಿದ್ದರೆ, ಹಣ ಬರುವವರೆಗೆ ಸರಕು ಕೊಡಬೇಕಿಲ್ಲ. 'ಮೊದಲು ಕಳಿಸಿ, ನೋಡಿ ಹಾಕುತ್ತೇನೆ' ಎಂದು ಕೊಂಡವರು ಒತ್ತಾಯಿಸಿದರೆ ಒಪ್ಪಲೇಬೇಕಾದ ಕಾನೂನೇನೂ ಇಲ್ಲ.

ಎರಡನೆಯದು ದಾರಿಯಲ್ಲಿ ತಡೆಯುವ ಹಕ್ಕು. ಸರಕು ಲಾರಿಯಲ್ಲೋ ಕೊರಿಯರ್‌ನಲ್ಲೋ ಇರುವಾಗ ಕೊಂಡವರು ದಿವಾಳಿಯಾಗಿದ್ದಾರೆಂದು ತಿಳಿದರೆ ಸಾಗಣೆದಾರರಿಗೆ ತಿಳಿಸಿ ತಡೆಯಬಹುದು. ಇಲ್ಲಿ ದಿವಾಳಿ ಎಂದರೆ ಕೋರ್ಟು ಘೋಷಿಸಬೇಕೆಂದಿಲ್ಲ. ಸಾಲಗಳನ್ನು ಗಡುವಿಗೆ ತೀರಿಸಲಾಗದ ಸ್ಥಿತಿ ಇದ್ದರೆ ಸಾಕು.

ಮೂರನೆಯದು ಮತ್ತೆ ಮಾರುವ ಹಕ್ಕು. ಹೆಚ್ಚು ಜನ ಎಡವುವುದು ಇಲ್ಲೇ. ಬೇಗ ಕೆಡುವ ಸರಕಾದರೆ ತಡ ಮಾಡದೆ ಬೇರೆಯವರಿಗೆ ಮಾರಬಹುದು. ಹೊಸಪೇಟೆ, ಕಂಪ್ಲಿ ಸುತ್ತಲಿನ ಬಾಳೆಗೊನೆ ಇದಕ್ಕೆ ಸರಿಯಾದ ಉದಾಹರಣೆ. ಕೆಡದ ಸರಕಾದರೆ ಮೊದಲು ತಿಳಿವಳಿಕೆ ಕೊಡಬೇಕು: 'ಇಷ್ಟು ದಿನದೊಳಗೆ ಹಣ ಕೊಡದಿದ್ದರೆ ಬೇರೆಯವರಿಗೆ ಮಾರುತ್ತೇನೆ.' ತಕ್ಕಷ್ಟು ಸಮಯ ಕಳೆದ ಮೇಲೆ ಮಾರಬೇಕು.

ಈ ಒಂದು ಸಂದೇಶಕ್ಕೆ ದೊಡ್ಡ ಬೆಲೆಯಿದೆ. ತಿಳಿವಳಿಕೆ ಕೊಟ್ಟು ಮಾರಿದರೆ, ಎರಡನೇ ಬಾರಿ ಕಡಿಮೆ ಬೆಲೆ ಬಂದಾಗ ವ್ಯತ್ಯಾಸವನ್ನು ಮೊದಲು ಗೆದ್ದವರಿಂದ ಕೇಳಬಹುದು. ಹೆಚ್ಚು ಬೆಲೆ ಬಂದರೆ ಆ ಲಾಭ ನಿಮ್ಮದೇ. ತಿಳಿವಳಿಕೆ ಕೊಡದೆ ಮಾರಿದರೆ ಸೆಕ್ಷನ್ 54 ಇದನ್ನು ತಲೆಕೆಳಗು ಮಾಡುತ್ತದೆ: ನಷ್ಟ ಕೇಳುವ ಹಕ್ಕು ಹೋಗುತ್ತದೆ, ಲಾಭ ಬಂದಿದ್ದರೆ ಅದು ಹಣ ಕೊಡದವರಿಗೇ ಸೇರಬೇಕಾಗುತ್ತದೆ. 'ಹಣ ಬಾರದಿದ್ದರೆ ಮರುಮಾರಾಟ ಮಾಡುತ್ತೇವೆ' ಎಂದು ಹರಾಜಿನ ನಿಯಮದಲ್ಲೇ ಬರೆದಿದ್ದರೆ ಈ ತೊಡಕು ಇರುವುದಿಲ್ಲ.

ಲೆಕ್ಕ ಹೀಗೆ. ₹40,000ಕ್ಕೆ ಹರಾಜಾದ ವಸ್ತು ಎರಡನೇ ಸಲ ₹33,000ಕ್ಕೆ ಹೋಯಿತು, ಮತ್ತೆ ಹರಾಜು ಹಾಕಲು ₹1,000 ಖರ್ಚಾಯಿತು ಎನ್ನಿ. ನಷ್ಟ ₹8,000. ಮೊದಲು ಗೆದ್ದವರ ₹4,000 ಠೇವಣಿ ನಿಮ್ಮಲ್ಲಿದ್ದರೆ ಕೇಳಬೇಕಾದದ್ದು ಉಳಿದ ₹4,000. ಪೂರ್ತಿ ₹40,000 ಕೇಳುವಂತಿಲ್ಲ. ಸುಮ್ಮನೆ ಕೈಕಟ್ಟಿ ಕೂತು ಬೆಲೆ ಬೀಳಲು ಬಿಟ್ಟರೂ ಆಗದು. ನಷ್ಟ ತಗ್ಗಿಸಲು ನೀವು ಏನು ಮಾಡಬಹುದಿತ್ತು ಎಂಬುದನ್ನೂ ಕರಾರು ಕಾಯ್ದೆಯ ಸೆಕ್ಷನ್ 73 ಗಣನೆಗೆ ತೆಗೆದುಕೊಳ್ಳುತ್ತದೆ.

ಠೇವಣಿ ಪೂರ್ತಿ ಮುಟ್ಟುಗೋಲು ಹಾಕಬಹುದೇ?

ಗೆದ್ದವರು ಹಣ ಕಟ್ಟದಿದ್ದರೆ ಇಎಂಡಿ, ಅಂದರೆ ಮುಂಗಡ ಠೇವಣಿ, ಮುಟ್ಟುಗೋಲು ಎಂಬುದು ಇ-ಹರಾಜುಗಳ ಸಾಮಾನ್ಯ ನಿಯಮ. ಆದರೆ ಇದಕ್ಕೂ ಮಿತಿಯಿದೆ. ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಜನವರಿ 9ರಂದು ಇದನ್ನು ವಿವರಿಸಿತು.

1982ರ ಹರಾಜಿನಲ್ಲಿ ಆ ಸಂಸ್ಥೆ ₹3.12 ಕೋಟಿಗೆ ಒಂದು ನಿವೇಶನ ಗೆದ್ದು, ನಾಲ್ಕನೇ ಒಂದು ಭಾಗ ₹78 ಲಕ್ಷ ಕಟ್ಟಿತ್ತು. ಬಾಕಿ ಪಾವತಿಯ ವಿಷಯ ವರ್ಷಗಟ್ಟಲೆ ಎಳೆದಾಡಿತು. ಕೊನೆಗೆ ಪ್ರಾಧಿಕಾರ ಠೇವಣಿ ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು 1994ರಲ್ಲಿ ₹11.78 ಕೋಟಿಗೆ ಮಾರಿತು. ನಷ್ಟವೇ ಆಗದೆ ಇಷ್ಟು ಲಾಭ ಬಂದಿರುವಾಗ, ಕೊಂಡವರೂ ಕರಾರು ಮುರಿದಿಲ್ಲದಿರುವಾಗ ಠೇವಣಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ನ್ಯಾಯಾಲಯ ಹಣ ವಾಪಸ್ ಕೊಡಿಸಿತು. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ಕಣ್ಣುಮುಚ್ಚಿ ಪೂರ್ತಿ ಇಟ್ಟುಕೊಳ್ಳುವ ಪರವಾನಗಿಯಲ್ಲ, ತಕ್ಕ ಪರಿಹಾರವಷ್ಟೇ ಸಿಗುತ್ತದೆ ಎಂಬುದು ಕರಾರು ಕಾಯ್ದೆಯ ಸೆಕ್ಷನ್ 74ರ ತಾತ್ಪರ್ಯ.

ಅದೇ ತೀರ್ಪಿನಲ್ಲಿ ಹರಾಜುದಾರರಿಗೆ ಉಪಯುಕ್ತವಾದ ಇನ್ನೊಂದು ಮಾತೂ ಇದೆ. ಸಾರ್ವಜನಿಕ ಹರಾಜಿನ ಷರತ್ತಿನಂತೆ, ಒಪ್ಪಂದ ಏರ್ಪಡುವ ಮುನ್ನವೇ ಠೇವಣಿ ಮುಟ್ಟುಗೋಲಾದರೆ ಸೆಕ್ಷನ್ 74 ಅಲ್ಲಿಗೆ ಅನ್ವಯಿಸುವುದಿಲ್ಲ. ಸಣ್ಣ ಮಾರಾಟಗಾರರು ಇದರಿಂದ ಕಲಿಯಬೇಕಾದದ್ದು ಇಷ್ಟು: ಠೇವಣಿ ಸಾಧಾರಣ ಪ್ರಮಾಣದಲ್ಲಿರಲಿ, ಯಾವಾಗ ಮುಟ್ಟುಗೋಲಾಗುತ್ತದೆ ಎಂಬುದು ಮೊದಲೇ ಬರಹದಲ್ಲಿರಲಿ.

ಸರಕು ಹೋಗಿಬಿಟ್ಟಿದ್ದರೆ

ಈಗ ನಿಮ್ಮ ಹಕ್ಕು ಸರಕಿನ ಮೇಲಲ್ಲ, ವ್ಯಕ್ತಿಯ ಮೇಲೆ. ದಾರಿಗಳು ಹಲವಿವೆ. ಯಾವುದು ನಿಮಗೆ ಸರಿ ಎಂಬುದು ನೀವು ಯಾರು, ಕೈಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ.

ಎಪಿಎಂಸಿಯಲ್ಲಿ ಮಾರಿದ ರೈತರು: ಮೊದಲ ಹೆಜ್ಜೆ ಕೋರ್ಟಲ್ಲ, ಮಾರುಕಟ್ಟೆ ಸಮಿತಿ. ವ್ಯಾಪಾರಿಯೂ ದಲಾಲರೂ 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ಪರವಾನಗಿ ಪಡೆದವರು. ಅದನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರ ಅಲ್ಲಿದೆ. ಲಾಟ್ ನಂಬರ್, ತೂಕದ ಚೀಟಿ, ಅಂಗಡಿಯ ಪಟ್ಟಿ ಇಟ್ಟುಕೊಂಡು ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪರವಾನಗಿ ಹೋದರೆ ವ್ಯಾಪಾರವೇ ನಿಲ್ಲುವುದರಿಂದ ಈ ಒತ್ತಡ ಬೇಗ ಕೆಲಸ ಮಾಡುತ್ತದೆ. ಆದರೆ ಸೆಸ್ ತಪ್ಪಿಸಲು ಬಿಳಿ ಚೀಟಿಯ ಮೇಲೆ ನಡೆದ ವ್ಯವಹಾರಕ್ಕೆ ಈ ಆಸರೆ ಸಿಗುವುದು ಕಷ್ಟ. ಆ ಲಾಟ್ ಸಮಿತಿಯ ದಾಖಲೆಯಲ್ಲೇ ಇರುವುದಿಲ್ಲ.

ಚೆಕ್ ಪಡೆದವರು: ಚೆಕ್ ಬೌನ್ಸ್ ಆದರೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ ಸೆಕ್ಷನ್ 138 ಇದೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್, ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ, ಅದೂ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಎರಡು ವರ್ಷದವರೆಗೆ ಸೆರೆ, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಸಾಧ್ಯ. ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ದೂರು ಕೊಡಬಹುದು. ಕೊಂಡವರು ಚೆನ್ನೈನಲ್ಲಿದ್ದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ಬ್ಯಾಂಕ್ ಖಾತೆಯಿಂದ ತಾನಾಗಿ ಕಂತು ಕಡಿತವಾಗಲು ಕೊಟ್ಟ ಒಪ್ಪಿಗೆ ಹಣವಿಲ್ಲದೆ ವಿಫಲವಾದರೆ ಇದೇ ಬಗೆಯ ಅವಕಾಶ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ ಸೆಕ್ಷನ್ 25ರಲ್ಲಿದೆ.

ತಯಾರಿಸಿ ಮಾರುವ ಸಣ್ಣ ಉದ್ಯಮಗಳು: ಭೌಗೋಳಿಕ ಸೂಚಿಕೆ ಪಡೆದ ಸಂಡೂರಿನ ಲಂಬಾಣಿ ಕಸೂತಿ ಮಾಡುವ ಒಂದು ಗುಂಪು ಉದ್ಯಮ್ ನೋಂದಣಿ ಮಾಡಿಸಿಕೊಂಡಿದೆ ಎನ್ನಿ. ಅವರಿಂದ ಸರಕು ಪಡೆದ ವ್ಯಾಪಾರಿ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಅದು ರಾಜ್ಯದ ಸೌಕರ್ಯ ಮಂಡಳಿಗೆ ಹೋಗುತ್ತದೆ. ಮಂಡಳಿ ಹಣ ಕೊಡಿ ಎಂದು ಆದೇಶಿಸಿದ ಮೇಲೆ ಅದನ್ನು ಪ್ರಶ್ನಿಸಲು ಕೊಂಡವರು ಮೊದಲು ಶೇ. 75ರಷ್ಟು ಠೇವಣಿ ಇಡಬೇಕು. ಬೇರೆಯವರ ಸರಕನ್ನು ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ಸೌಲಭ್ಯವಿಲ್ಲ.

ಉಳಿದವರೆಲ್ಲರೂ: ಸಿವಿಲ್ ದಾವೆ. ವ್ಯಾಪಾರಿಗಳ ನಡುವಿನ ವ್ಯವಹಾರವಾಗಿ ಮೊತ್ತ ₹3 ಲಕ್ಷ ಅಥವಾ ಹೆಚ್ಚಿದ್ದರೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ತುರ್ತು ಪರಿಹಾರ ಬೇಡುತ್ತಿಲ್ಲವಾದರೆ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಸಣ್ಣ ಮೊತ್ತಕ್ಕೆ ಕೋರ್ಟಿನ ಖರ್ಚೇ ಹೆಚ್ಚಾಗಬಹುದು. ಅಂಥವರಿಗೆ ಲೋಕ ಅದಾಲತ್ ಒಳ್ಳೆಯದು. ದಾವೆ ಹೂಡುವ ಮುನ್ನವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆಯಿದೆ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಮತ್ತು ಆದಾಯ ಮಿತಿಯೊಳಗಿನವರಿಗೆ ವಕೀಲರ ನೆರವೂ ಉಚಿತ. ಆದರೆ ಎದುರಿನವರು ಒಪ್ಪದಿದ್ದರೆ ಸಾಮಾನ್ಯ ಲೋಕ ಅದಾಲತ್ ಹಣ ಕೊಡಿಸಲಾರದು.

ಹರಾಜು ನಡೆಸಿದ ತಾಣವೇ ಹಣ ಕೊಡಬೇಕಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಸಾಮಾನ್ಯವಾಗಿ ಇಲ್ಲ. ತಾಣ ಮಧ್ಯವರ್ತಿ ಮಾತ್ರ, ಜಾಮೀನುದಾರನಲ್ಲ. ಶುಲ್ಕ ವಾಪಸ್, ಕೈಕೊಟ್ಟವರ ಖಾತೆ ರದ್ದು ಇಂಥ ಪರಿಹಾರ ಅದರ ನಿಯಮದಲ್ಲಿದ್ದರೆ ಪಡೆಯಬಹುದು. ಹಣ ತಾಣಕ್ಕೆ ತಲುಪಿದ್ದೂ ನಿಮಗೆ ಕೊಡದಿದ್ದರೆ ಮಾತ್ರ ಅದರ ಹೊಣೆ ಬೇರೆ. ಇನ್ನು ಗ್ರಾಹಕ ಆಯೋಗ: ಕೊಂಡವರ ವಿರುದ್ಧ ನೀವು ಗ್ರಾಹಕರಲ್ಲ, ಹಾಗಾಗಿ ಆ ಬಾಗಿಲು ಇಲ್ಲಿ ತೆರೆಯದು.

ಪೊಲೀಸರು ಹಣ ಕೊಡಿಸುತ್ತಾರೆಯೇ?

ಬಾಕಿ ಉಳಿಸಿಕೊಳ್ಳುವುದು ತಾನಾಗಿಯೇ ಅಪರಾಧವಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರ ವಂಚನೆ, ಅಂದರೆ ಹಿಂದಿನ '420', ಆಗಬೇಕಾದರೆ ಕೊಳ್ಳುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕು. ಬಿಡ್ ಮಾಡುವಾಗ ಪ್ರಾಮಾಣಿಕರಾಗಿದ್ದು, ಆಮೇಲೆ ಬೆಲೆ ಬಿದ್ದುದಕ್ಕೋ ಹಣ ಹೊಂದದ್ದಕ್ಕೋ ಹಿಂಜರಿದರೆ ಅದು ಕರಾರಿನ ಭಂಗ ಮಾತ್ರ.

ಡೆಲ್ಲಿ ರೇಸ್ ಕ್ಲಬ್ ಪ್ರಕರಣ ಇದಕ್ಕೆ ಇತ್ತೀಚಿನ ನಿದರ್ಶನ. ಕುದುರೆಗಳಿಗೆ ಕಾಳು, ಓಟ್ಸ್ ಪೂರೈಸಿದ್ದವರು ಸುಮಾರು ₹9 ಲಕ್ಷ ಬಾಕಿ ಬಂದಿಲ್ಲವೆಂದು ಕ್ರಿಮಿನಲ್ ದೂರು ಕೊಟ್ಟಿದ್ದರು. 2024ರ ಆಗಸ್ಟ್ 23ರಂದು ಸುಪ್ರೀಂ ಕೋರ್ಟ್ ಆ ಪ್ರಕ್ರಿಯೆಯನ್ನೇ ರದ್ದು ಮಾಡಿತು. ಮಾರಿದ ಮೇಲೆ ಸರಕು ಕೊಂಡವರದೇ ಆಗುತ್ತದೆ. ತಮ್ಮದೇ ಸರಕಿನ ವಿಷಯದಲ್ಲಿ ಅವರು ನಂಬಿಕೆದ್ರೋಹ ಮಾಡಿದರೆನ್ನಲು ಬರುವುದಿಲ್ಲ. ಪೂರೈಕೆದಾರರಿಗೆ ಉಳಿಯುವುದು ಸಿವಿಲ್ ದಾರಿ. ಕ್ರಿಮಿನಲ್ ಕೇಸಿನ ಹಿಂದೆ ಅಲೆಯುವಷ್ಟರಲ್ಲಿ ಸಿವಿಲ್ ದಾವೆಯ ಗಡುವು ಮೀರಿಹೋಗುವ ಅಪಾಯವೂ ಇರುತ್ತದೆ.

ಹಾಗೆಂದು ಪೊಲೀಸರ ಬಳಿ ಹೋಗಲೇಬಾರದು ಎಂದಲ್ಲ. ಸುಳ್ಳು ಹೆಸರು, ತಿದ್ದಿದ ಪಾವತಿ ಸ್ಕ್ರೀನ್‌ಶಾಟ್, ಒಂದೇ ದಿನ ಹಲವರಿಂದ ಸರಕು ಪಡೆದು ಅಂಗಡಿ ಮುಚ್ಚಿದ್ದು, ಇವೆಲ್ಲ ಮೊದಲಿನಿಂದಲೂ ಇದ್ದ ಮೋಸಕ್ಕೆ ಗುರುತು. ಇನ್ನೊಂದು ಬಗೆಯೂ ಇದೆ: 'ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಎಂದು ಮಾರಿದವರ ಖಾತೆಯಿಂದಲೇ ಹಣ ಎಳೆಯುವುದು. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಅಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಕೋರ್ಟು ಕೈಹಿಡಿಯದ ಮಾರಾಟಗಳು

ಮಾರಿದ ವಸ್ತುವೇ ಕಾನೂನಿಗೆ ವಿರುದ್ಧವಾಗಿದ್ದರೆ ಬಾಕಿ ಕೊಡಿಸಿ ಎಂದು ಕೇಳಲು ಬರುವುದಿಲ್ಲ. ಕರಾರು ಕಾಯ್ದೆಯ ಸೆಕ್ಷನ್ 23 ಅಂಥ ಒಪ್ಪಂದವನ್ನೇ ಶೂನ್ಯ ಎನ್ನುತ್ತದೆ. ಪರ್ಮಿಟ್ ಇಲ್ಲದ ಅದಿರು ಇದಕ್ಕೆ ಒಂದು ಉದಾಹರಣೆ.

ಹಂಪಿ ಸುತ್ತಮುತ್ತ ಇನ್ನೊಂದು ಎಚ್ಚರ ಬೇಕು. ಹಳೆಯ ನಾಣ್ಯ, ವಿಗ್ರಹ, ಕೆತ್ತನೆಯ ತುಂಡುಗಳಿಗೆ ಅಂತರ್ಜಾಲದಲ್ಲಿ ದೊಡ್ಡ ಬೆಲೆ ಕೂಗುವವರಿದ್ದಾರೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನಾಣ್ಯವೂ ಸೇರಿದಂತೆ 100 ವರ್ಷಕ್ಕೂ ಹಳೆಯ ಇಂಥ ವಸ್ತುಗಳು ಪುರಾವಸ್ತುಗಳು. ಪರವಾನಗಿ ಇಲ್ಲದೆ ಅವುಗಳ ಮಾರಾಟದ ವ್ಯವಹಾರ ನಡೆಸುವಂತಿಲ್ಲ, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾಯ್ದೆಯೂ ಇದೆ. ಇಂಥ ವಸ್ತು ಮಾರಿ ಹಣ ಬರಲಿಲ್ಲವೆಂದು ದೂರು ಕೊಡಲು ಹೋದರೆ ಮೊದಲ ಪ್ರಶ್ನೆ ಏಳುವುದು ಮಾರಿದವರ ಮೇಲೆಯೇ.

ಗಡುವು ಮತ್ತು ಸಾಕ್ಷ್ಯ

ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಸಮಯ. ಉದ್ರಿಯ ಮಾತಿಲ್ಲದಿದ್ದರೆ ಸರಕು ಕೊಟ್ಟ ದಿನದಿಂದ ಎಣಿಕೆ. ವಕೀಲರ ನೋಟಿಸ್ ಕಳಿಸಿದರೆ ಈ ಗಡಿಯಾರ ನಿಲ್ಲುವುದಿಲ್ಲ. ನಿಜವಾಗಿ ಗಡುವು ಹೊಸದಾಗಿ ಶುರುವಾಗುವುದು ಅವಧಿ ಮುಗಿಯುವ ಮೊದಲೇ ಕೊಂಡವರು 'ಇಷ್ಟು ಕೊಡಬೇಕಿದೆ' ಎಂದು ಬರೆದು ಸಹಿ ಹಾಕಿದರೆ, ಅಥವಾ ಒಂದಷ್ಟು ಹಣ ಕೊಟ್ಟು ಅದು ಬರಹದಲ್ಲಿ ದಾಖಲಾದರೆ.

ಸಾಕ್ಷ್ಯದ ವಿಷಯದಲ್ಲಿ ಬರೀ ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ, ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಹಾಗಾಗಿ ಮೂಲ ಸಂದೇಶಗಳನ್ನು ಅಳಿಸಬೇಡಿ, ಕೇಸು ಮುಗಿಯುವವರೆಗೆ ಆ ಫೋನ್ ಮಾರಬೇಡಿ. ಹರಾಜಿನ ನಿಯಮ, ಬಿಡ್‌ಗಳ ಪಟ್ಟಿ, ಗೆಲುವಿನ ಸಂದೇಶ, ಬಿಲ್ಲು, ತೂಕದ ಚೀಟಿ, ಕೊರಿಯರ್ ರಸೀದಿ ಎಲ್ಲವನ್ನೂ ಅದೇ ದಿನ ಒಂದೆಡೆ ಉಳಿಸಿ. ಯಾವ ಊರಿನ ಕೋರ್ಟು ಎಂಬ ಷರತ್ತು ಹರಾಜಿನ ನಿಯಮದಲ್ಲಿದೆಯೇ ಎಂದೂ ನೋಡಿ. ದೂರದ ನಗರದ ಹೆಸರಿದ್ದರೆ ಅಲ್ಲಿಗೇ ಹೋಗಬೇಕಾದೀತು.

ಹಾಗಾದರೆ ಏನು ಮಾಡಬೇಕು?

ಹರಾಜಿಗೆ ಮುನ್ನ ನಾಲ್ಕು ಸಾಲು ಬರೆದು ಎಲ್ಲರಿಗೂ ಕಾಣುವಂತೆ ಹಾಕಿ: ಠೇವಣಿ ಎಷ್ಟು, ಗೆದ್ದ ಮೇಲೆ ಎಷ್ಟು ಗಂಟೆಯೊಳಗೆ ಹಣ, ಕಟ್ಟದಿದ್ದರೆ ಠೇವಣಿ ಏನಾಗುತ್ತದೆ, ಸರಕನ್ನು ಯಾವಾಗ ಮತ್ತೆ ಮಾರಲಾಗುತ್ತದೆ.

ಹಣ ಬರದಿದ್ದರೆ ಮೊದಲು ಸರಕು ತಡೆಯಿರಿ. ದಿನಾಂಕ ಹಾಕಿ ಮರುಮಾರಾಟದ ತಿಳಿವಳಿಕೆ ಕಳಿಸಿ. ಆಮೇಲೆ ಮಾರಿ, ನಷ್ಟದ ಲೆಕ್ಕ ಇಡಿ. ಸರಕು ಹೋಗಿದ್ದರೆ ಬಾಕಿಯನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ, ನಿಮಗೆ ಹೊಂದುವ ದಾರಿ ಎಪಿಎಂಸಿಯೋ, ಚೆಕ್ ಕೇಸೋ, ಸೌಕರ್ಯ ಮಂಡಳಿಯೋ, ಲೋಕ ಅದಾಲತ್ತೋ ಎಂದು ಬೇಗ ನಿರ್ಧರಿಸಿ. ಮೊತ್ತ ದೊಡ್ಡದಿದ್ದರೆ ನಿಮ್ಮ ಕಾಗದಪತ್ರ ನೋಡಿ ಹೇಳಬಲ್ಲ ವಕೀಲರನ್ನು ಕಾಣುವುದು ಒಳ್ಳೆಯದು.

ಸಂಡೂರಿನ ಗಣಿಯ ಗೇಟಿನಲ್ಲಿ ಜಾರಿಯಾದ ನಿಯಮ ನೂರು ರೂಪಾಯಿಯ ಗಿಡ ಮಾರುವವರಿಗೂ ಒಪ್ಪುತ್ತದೆ. ಹಣ ಖಾತೆಗೆ ಬಂದದ್ದನ್ನು ಸ್ಕ್ರೀನ್‌ಶಾಟ್‌ನಲ್ಲಲ್ಲ, ನಿಮ್ಮದೇ ಬ್ಯಾಂಕ್ ಖಾತೆಯಲ್ಲಿ ನೋಡಿದ ಮೇಲೆ ಸರಕು ಕಳಿಸಿ.